ಕಾರಿಗೆ ಬೂಟು ಹಾಕಿದ ರವಿವಾರ

ಇದನ್ನು ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಉಳಿದ ಒಂಬತ್ತು ಇನ್ನೂ ಕರ್ರಗಿವೆ. ಸಕ್ಕರೆ, ಕೊಬ್ಬರಿ ಎಣ್ಣೆ, ಪಾತ್ರೆ ಸೋಪು ಮೂರೂ ಸೋತಿವೆ.

ಕಾರಿನ ಮುಂದಿನ ಬಲಗಾಲಿಯ ಸಿವಿ ಜಾಯಿಂಟ್ ಬೂಟು ಹರಿದಿತ್ತು. ಗಾಲಿಗೆ ಹೋಗುವ ಆಕ್ಸಲ್ ತುದಿಯಲ್ಲಿ ಈ ಜಾಯಿಂಟ್ ಇರುತ್ತದೆ. ಒಳಗೆ ಆರು ಉಕ್ಕಿನ ಗುಂಡು. ಸ್ಟೇರಿಂಗ್ ಎತ್ತ ಹೊರಳಿಸಿದರೂ ಗಾಲಿ ಸರಾಗವಾಗಿ ಉರುಳುವುದು ಅವುಗಳ ದಯೆಯಿಂದ. ಅದಕ್ಕೆ ಗ್ರೀಸ್ ತುಂಬಿ, ಮೇಲೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟು ತೊಡಿಸಿರುತ್ತಾರೆ. ಹರಿದರೆ ಗ್ರೀಸ್ ಹೊರಗೆ, ಧೂಳು ಒಳಗೆ. ಹುಬ್ಬಳ್ಳಿಯಲ್ಲಿ ಧೂಳಿಗೇನು ಬರವಾ?

ಗ್ಯಾರೇಜಿನವನು ಇಡೀ ಆಕ್ಸಲ್ಲೇ ಬದಲಿಸಬೇಕು, 4,500 ರೂಪಾಯಿ ಅಂದ. ಬೂಟು, ಗ್ರೀಸ್ ಪೊಟ್ಟಣ, ಎರಡು ಕ್ಲಿಪ್ಪು ಸೇರಿ ಕಿಟ್ಟಿಗೆ ಬರೀ 350. ನಾನೇ ಹಾಕುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. "ಕಾರಿಗೆ ಬೂಟು ತಂದೀರಿ, ನಿಮ್ಮ ಚಪ್ಪಲಿ ಉಂಗುಷ್ಠ ಕಿತ್ತು ತಿಂಗಳಾತು" ಎಂದಳು ಹೆಂಡತಿ.

ಜಾಕ್ ಸದ್ದು ಕೇಳಿದ್ದೇ ತಡ, ಪಕ್ಕದ ಮನೆಯ ಕಾಕಾ ಪ್ಲಾಸ್ಟಿಕ್ ಖುರ್ಚಿ ಹಿಡಿದು ಬಂದರು. ಕಾಕಾ ಮೂಲತಃ ಗದಗಿನವರು. ಭೀಮಸೇನ ಜೋಶಿಯವರು ಹುಟ್ಟಿದ ಜಿಲ್ಲೆ ನಮ್ಮದು ಎಂಬ ಒಂದೇ ಕಾರಣಕ್ಕೆ ತಮಗೆ ಸಂಗೀತದ ಕಿವಿ ಇದೆ ಎಂದು ನಂಬಿದ್ದಾರೆ. ನಿಂತ ಕಾರಿಗೆ ಕಿವಿಯಿಟ್ಟು, "ಲಯ ತಪ್ಪೇತ್ರಿ" ಅಂದರು.

ಆಮೇಲೆ ಶುರುವಾಯಿತು. ಹಬ್ ನಟ್ ಸಡಿಲಿಸಲು ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಅದರ ಮೇಲೆ ನಿಂತೆ. "ಹಂಗಲ್ರಿ." ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿದೆ. "ಹಂಗಲ್ಲಲ್ರೀ." ಜಾಯಿಂಟಿಗೆ ಸುತ್ತಿಗೆಯಿಂದ ಹೊಡೆದು ಕಳಚಿದೆ. "ಒಂದ್ ಮಾತು ಹೇಳ್ತೇನಿ, ತಪ್ಪು ತಿಳ್ಕೋಬ್ಯಾಡ್ರಿ, ಹಂಗಲ್ಲ." ಹಾಗಾದರೆ ಹೇಗೆ? ಅದನ್ನು ಮಾತ್ರ ಕಾಕಾ ಹೇಳುವುದಿಲ್ಲ. ಚಹಾ ಹೀರುತ್ತಾರೆ.

ಹಳೇ ಗ್ರೀಸ್ ಡೀಸೆಲ್‌ನಿಂದ ತೊಳೆದೆ. ಹೊಸ ಗ್ರೀಸನ್ನು ಗುಂಡುಗಳ ಸಂದಿಗೆ ಬೆರಳಿನಿಂದ ತುರುಕಿದೆ. ಜಾಯಿಂಟನ್ನು ಆಕ್ಸಲ್‌ಗೆ ಇಟ್ಟು ಒಂದೇಟು ಕೊಟ್ಟೆ. ಟಕ್! ಜಾಯಿಂಟ್ ಕಳಚದಂತೆ ಹಿಡಿದಿಡುವ ಒಳಗಿನ ಉಂಗುರ, ಸರ್ಕ್ಲಿಪ್, ಕೂತ ಸದ್ದು. ಮೂರು ತಾಸಿನ ಬೆನ್ನುನೋವು ಮರೆತೇಹೋಯಿತು. ಎದ್ದು ನಿಂತು, ಈಗೇನಂತೀರಿ ಎಂಬ ಗತ್ತಿನಲ್ಲಿ ಕಾಕಾನ ಕಡೆ ತಿರುಗಿದೆ.

ಕಾಕಾನ ತೊಡೆಯ ಮೇಲೆ ಬೂಟಿತ್ತು. ಹೊಸ ಬೂಟು. ಎರಡೂ ತುದಿ ಹಿಡಿದು, ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿಸುತ್ತ ಕುಗ್ಗಿಸುತ್ತ, ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದರು. ಸಣ್ಣ ಕ್ಲಿಪ್ಪು ಕಿರುಬೆರಳಿಗೆ ಉಂಗುರದಂತೆ ಜೋತಾಡುತ್ತಿತ್ತು.

ಮೊದಲು ಕ್ಲಿಪ್ಪು, ಆಮೇಲೆ ಬೂಟು, ಕೊನೆಗೆ ಜಾಯಿಂಟ್. ಇದೇ ಕ್ರಮ. ಜಾಯಿಂಟ್ ಕೂತ ಮೇಲೆ ಆ ಬೂಟನ್ನು ನನ್ನ ತಲೆಗೆ ಹಾಕಿಕೊಳ್ಳಬಹುದು, ಆಕ್ಸಲ್‌ಗಲ್ಲ.

"ಕಾಕಾ, ಬೂಟು ನಿಮ್ಮ ಕಡೇನ ಐತಲ್ರೀ! ಹೇಳಬಾರದೇನ್ರೀ?"

"ನೀವು ಕೇಳಿದ್ರ ಕೊಡ್ತಿದ್ನಲ್ರೀ."

ಏನೂ ಮಾತಾಡಲಿಲ್ಲ. ಗ್ರೀಸ್ ಮೆತ್ತಿದ ಜಾಯಿಂಟನ್ನು ಮತ್ತೆ ಹೊಡೆದು ಕಳಚಿದೆ. ಹೊಡೆತಗಳು ತುಸು ಜಾಸ್ತಿಯೇ ಜೋರಾಗಿದ್ದವು. ಗ್ರೀಸ್ ಸಿಡಿದು ಗೋಡೆಗೆ, ನನ್ನ ಕನ್ನಡಕಕ್ಕೆ, ಒಣಹಾಕಿದ ದುಪ್ಪಟ್ಟಾಕ್ಕೆ ಬಿತ್ತು. ಕಾಕಾನ ಬಿಳಿ ಬನಿಯನ್‌ಗೆ ಒಂದು ಹನಿಯೂ ಇಲ್ಲ.

ಕೊನೆಯ ದೊಡ್ಡ ಕ್ಲಿಪ್ಪು ನನ್ನ ಕೈಯಲ್ಲಿ ಜಾರುತ್ತಲೇ ಇತ್ತು. ಕಾಕಾ ಖುರ್ಚಿ ಬಿಟ್ಟು ಎದ್ದರು. ಕುಕ್ಕರುಗಾಲಿನಲ್ಲಿ ಕೂತು, ನೋಡದೆಯೇ ಬೆರಳಿನಿಂದ ತಡವಿ, ಇಕ್ಕಳದಲ್ಲಿ ಒಮ್ಮೆ ಒತ್ತಿದರು. ಕೂತುಬಿಟ್ಟಿತು. "ರೈಲ್ವೆ ವರ್ಕ್‌ಶಾಪಿನ್ಯಾಗ ದಿನಾ ಇದ ಕೆಲಸ ಇತ್ತು ನೋಡ್ರಿ" ಎಂದು ಕೈ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತು. ತೊಳೆಯಲು ಸೋಪು ಕೊಟ್ಟೆ. "ಇರ್ಲಿ ಬಿಡ್ರಿ" ಅಂದರು. ಮಗ ಪುಣೆಗೆ ಹೋದ ಮೇಲೆ ಅವರ ಮನೆಯ ಕಾರನ್ನು ಮಾರಿದ್ದಾರೆ.

ಹೋಗುವಾಗ ಬಗ್ಗಿ ಎಡಗಾಲಿ ನೋಡಿದರು. "ಈಕಡಿದೂ ಸೀಳಾಕತ್ತೇತ್ರಿ. ಬರೂ ರವಿವಾರ?"

ಖುರ್ಚಿಯನ್ನು ನಮ್ಮ ಅಂಗಳದಲ್ಲೇ ಬಿಟ್ಟು ಹೋಗಿದ್ದಾರೆ.