ದಾಕ್ಷಿಣ್ಯಕ್ಕೆ ಈ ವರ್ಷ ರಜೆ

ಹೊಸ ವರ್ಷದ ಮೊದಲ ವಾರ ಧೈರ್ಯದ ಬಗ್ಗೆ ಹರಿದುಬರುವ ಸಂದೇಶಗಳನ್ನು ಓದಿದರೆ, ಕೆಲಸ ಬಿಟ್ಟು ಬೆಟ್ಟ ಹತ್ತದವರೆಲ್ಲ ಪುಕ್ಕಲರು ಎನ್ನಿಸುತ್ತದೆ. ಆ ಧೈರ್ಯದಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಬೆಟ್ಟದ ತುದಿಯಲ್ಲಿ ಕೈ ಚಾಚಿ ಫೋಟೊ ತೆಗೆಸಿಕೊಂಡವರೇ ಸಭೆಯಲ್ಲಿ ‘ಈ ಲೆಕ್ಕ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನಲು ಹಿಂದೇಟು ಹಾಕುವುದನ್ನು ನೋಡಿದ್ದೇನೆ. ನಮ್ಮಲ್ಲಿ ಬಹುಪಾಲು ಜನರ ಬಾಯಿ ಕಟ್ಟಿಹಾಕಿರುವುದು ಭಯಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯ. ಹಾಗಾಗಿ ಈ ವರ್ಷ ನಾನು ಹಾಕಿಕೊಂಡಿರುವ ನಿಯಮಗಳೆಲ್ಲ ಅದಕ್ಕೆ ಸಂಬಂಧಿಸಿದವು.

ಮುಖ್ಯವಾದದ್ದು, ಆಗದ ಕೆಲಸಕ್ಕೆ ಆಗುವುದಿಲ್ಲ ಎಂದು ಅಂದೇ ಹೇಳುವುದು. ಯಾರೋ ಒಂದು ಜವಾಬ್ದಾರಿ ವಹಿಸಿಕೊಳ್ಳಿ ಎಂದು ಸಂದೇಶ ಕಳಿಸುತ್ತಾರೆ. ಓದಿದ ಕ್ಷಣವೇ ನಮಗೆ ಉತ್ತರ ಗೊತ್ತಿರುತ್ತದೆ. ಬೆರಳು ಟೈಪಿಸುವುದು ಮಾತ್ರ ಬೇರೆ: ‘ಖಂಡಿತ ಪ್ರಯತ್ನಿಸುತ್ತೇನೆ, ಆದರೆ ಈ ತಿಂಗಳು ಸ್ವಲ್ಪ ಒತ್ತಡ, ಆರೋಗ್ಯವೂ ಅಷ್ಟಕ್ಕಷ್ಟೆ...’ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಈ ಉತ್ತರವನ್ನು ನಂಬಿ ಕೇಳಿದವರು ಇನ್ನೊಬ್ಬರನ್ನು ಹುಡುಕುವುದಿಲ್ಲ, ನಾವು ಕೆಲಸ ಮಾಡುವುದೂ ಇಲ್ಲ. ಗಡುವು ಹತ್ತಿರ ಬಂದಾಗ ಇಬ್ಬರ ಮುಖವೂ ಗಂಟು. ನಾನೀಗ ‘ಈ ಸಲ ನನ್ನಿಂದ ಆಗುವುದಿಲ್ಲ, ಬೇರೆಯವರನ್ನು ಕೇಳಿ’ ಎಂದಷ್ಟೇ ಉಳಿಸಿಕೊಂಡು ಕಾರಣಗಳ ಸಾಲನ್ನು ಅಳಿಸಿ ಕಳಿಸುತ್ತೇನೆ. (ಕಾರಣ ಕೊಟ್ಟರೆ ಅದಕ್ಕೊಂದು ಪರಿಹಾರ ಹಿಡಿದುಕೊಂಡು ಬರುವವರಿದ್ದಾರೆ!) ಕಳಿಸಿದ ಮೇಲೆ ಎದೆ ಡವಡವ ಎನ್ನುತ್ತದೆ, ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕುತ್ತೇನೆ. ಸಾಮಾನ್ಯವಾಗಿ ಬರುವ ಮರುತ್ತರ ‘ಸರಿ’ ಎಂದಷ್ಟೆ.

ಇನ್ನು ‘ನಾಲ್ಕು ಜನ ಏನಂದುಕೊಂಡಾರು’ ಎಂಬ ಅಳುಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನಗೆ ಬಹಳ ಇಷ್ಟ. ಹಾಕಿಕೊಳ್ಳಲು ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ಇತರರು ಕುಳಿತಿದ್ದ ಕೋಣೆಯೊಳಕ್ಕೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಆ ಚಿತ್ರವನ್ನು ಗುರುತಿಸಿರಬಹುದು ಎಂಬುದು ತೊಟ್ಟವರ ಅಂದಾಜು. ನಿಜವಾಗಿ ಗುರುತಿಸಿದವರು ಅದರ ಅರ್ಧದಷ್ಟು ಮಾತ್ರ. ಉಳಿದವರು ತಮ್ಮ ತಮ್ಮ ಅಂಗಿಯ ಚಿಂತೆಯಲ್ಲಿದ್ದಿರಬೇಕು. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎನ್ನಲು ಇಷ್ಟು ಸಾಕು ನನಗೆ.

ಭಯ ಪೂರ್ತಿ ಹೋದ ಮೇಲೆ ಮಾಡೋಣ ಎಂದು ಮೀನಮೇಷ ಎಣಿಸುವುದರಲ್ಲಿ ಅರ್ಥವಿಲ್ಲ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ, ಸ್ವಲ್ಪ ಸ್ವಲ್ಪವಾಗಿ ಎದುರಿಸಿದರೆ ತಗ್ಗುತ್ತದೆ. ಭಯಕ್ಕೆ ಕೊಡುವ ಚಿಕಿತ್ಸೆಯೊಂದು ನಿಂತಿರುವುದೇ ಈ ತತ್ತ್ವದ ಮೇಲೆ. ಇದು ರೂಢಿಯಾಗಲು 21 ದಿನ ಸಾಕು ಎನ್ನುವವರನ್ನು ನಾನು ನಂಬುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ತಂಡದ ಅಧ್ಯಯನದಲ್ಲಿ ಸರಳ ಅಭ್ಯಾಸಗಳು ಮೈಗೂಡಲು ಒಬ್ಬೊಬ್ಬರಿಗೆ 18 ದಿನಗಳಿಂದ 254 ದಿನಗಳವರೆಗೆ ಹಿಡಿಯಬಹುದೆಂದು ಕಂಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ನಷ್ಟವೇನೂ ಆಗಿರಲಿಲ್ಲ. ಜನವರಿ ಮುಗಿಯುವ ಮೊದಲೇ ಕೈಚೆಲ್ಲುವವರು ಇದನ್ನು ಗಮನಿಸಬೇಕು.

ಧೈರ್ಯದ ಹೆಸರಿನಲ್ಲಿ ನಾನು ಮಾಡದ ಕೆಲಸಗಳೂ ಇವೆ. ‘ನಾನು ನೇರ ಮನುಷ್ಯ’ ಎಂದುಕೊಂಡು ತನಗೆ ತಿರುಗಿ ಅನ್ನಲಾರದವರನ್ನೇ ಹುಡುಕಿ ಬೈಯುವುದು ಭಂಡತನ. ಮನೆಯವರ ದುಡಿಮೆಯನ್ನು ಪಣಕ್ಕಿಟ್ಟು ಸಾಹಸಕ್ಕೆ ಇಳಿಯುವುದೂ ಅಷ್ಟೆ. ಸೋತರೆ ಬೆಲೆ ತೆರುವವರು ಯಾರು ಎಂದು ಮೊದಲು ಕೇಳಿಕೊಳ್ಳುತ್ತೇನೆ. ಬೇರೆಯವರು ಎಂದಾದರೆ ಅವರ ಒಪ್ಪಿಗೆ ಬೇಕು.

ಕೊನೆಯ ನಿಯಮವೇ ಎಲ್ಲಕ್ಕಿಂತ ಕಷ್ಟದ್ದು: ಕೊಟ್ಟ ಸಾಲವನ್ನು ವಾಪಸ್ ಕೇಳುವುದು. ಇಸಿದುಕೊಂಡವರು ನೆಮ್ಮದಿಯಾಗಿ ಪ್ರವಾಸದ ಚಿತ್ರ ಹಾಕುತ್ತಿರುತ್ತಾರೆ, ಕೊಟ್ಟವರು ಕೇಳಿದರೆ ಎಲ್ಲಿ ಬೇಸರವಾದೀತೋ ಎಂದು ಆ ಚಿತ್ರಗಳಿಗೆ ಲೈಕ್ ಒತ್ತುತ್ತಿರುತ್ತಾರೆ. ನನ್ನ ಸ್ನೇಹಿತರ ಪಟ್ಟಿಯಲ್ಲಿ ಇಲ್ಲಿಯವರೆಗೆ ಓದಿ ‘ನನಗೇ ಹೇಳುತ್ತಿದ್ದಾರಾ?’ ಎಂದುಕೊಂಡವರು ಒಬ್ಬರಿದ್ದಾರೆ. ಹೌದು, ನಿಮಗೇ. ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ, ದಯವಿಟ್ಟು ಎತ್ತಿ.