ಸ್ಪಷ್ಟನೆ: ಬಾಕ್ಸ್ ಸೆಟ್‌ನ ಪ್ಲಾಸ್ಟಿಕ್ ಹೊದಿಕೆ ಮಳೆಗಾಲದ ರಕ್ಷಣೆಯಲ್ಲ

"ಜಾಝ್ ಮರುಬಿಡುಗಡೆಯ ಬಾಕ್ಸ್ ಸೆಟ್‌ಗಳ ಅಂಗಡಿ ಪ್ಲಾಸ್ಟಿಕ್ ತೆಗೆಯದಿದ್ದರೆ ಬೂಷ್ಟು ಹಿಡಿಯದು, ಹಿಡಿದರೆ ಸ್ಪಿರಿಟ್‌ನಲ್ಲಿ ಒರೆಸಿ" ಎಂಬ ಸಂದೇಶ ಮಂಗಳೂರು, ಉಡುಪಿಯ ಹಾಡಿನ ತಟ್ಟೆಗಳ ಸಂಗ್ರಾಹಕರ ನಡುವೆ ಓಡಾಡುತ್ತಿದೆ. (ಬಾಕ್ಸ್ ಸೆಟ್ ಎಂದರೆ ಹಲವು ತಟ್ಟೆ ಅಥವಾ ಸಿಡಿ, ಪುಸ್ತಿಕೆಯೊಡನೆ ಒಂದೇ ಪೆಟ್ಟಿಗೆಯಲ್ಲಿ ಬರುವುದು.) ಎರಡೂ ಮಾತು ತಪ್ಪು.

ಆ ಹೊದಿಕೆ ಗಾಳಿ ತಡೆಯುವಂಥದ್ದಲ್ಲ. ತೇವ ಒಳಗೆ ಹೋಗುತ್ತದೆ, ಹೊರಬರಲು ತಡವಾಗುತ್ತದೆ; ರಟ್ಟು, ಅಂಟು, ಪುಸ್ತಿಕೆಗೆ ಬೂಷ್ಟು ಹತ್ತುವುದು ಹೀಗೆಯೇ. ವರ್ಷ ಕಳೆದಂತೆ ಪ್ಲಾಸ್ಟಿಕ್ ಬಿಗಿಯಾಗಿ ಪೆಟ್ಟಿಗೆಯ ಮೂಲೆಯೂ ಎಲ್‌ಪಿಯೂ (ವಿನೈಲ್‌ನ ದೊಡ್ಡ ಹಾಡಿನ ತಟ್ಟೆ) ಬಾಗುತ್ತವೆ. ಬಿಚ್ಚಿ, ಸಡಿಲವಾದ ಪಾಲಿಪ್ರೊಪಿಲೀನ್ ಕವರ್ ಹಾಕಿ. ಪಿವಿಸಿ ಕವರ್ ಮಾತ್ರ ಬೇಡ: ತಟ್ಟೆಯ ಮೇಲೆ ಅದು ಬಿಡುವ ಮಂಜಿನಂಥ ಕಲೆ ತೊಳೆದರೂ ಹೋಗದು.

ಸ್ಪಿರಿಟ್‌ನದು ಇನ್ನೂ ದೊಡ್ಡ ಅಪಾಯ. 1948ರಲ್ಲಿ ಎಲ್‌ಪಿ ಬರುವ ಮುನ್ನ 'ಆಲ್ಬಂ' ಎಂದರೆ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳ ಕಟ್ಟು; ಅಂಥ ಹಳೆಯ ಸೆಟ್‌ಗೆ ಸ್ಪಿರಿಟ್, ಅಂದರೆ ಆಲ್ಕೊಹಾಲ್, ತಾಗಲೇಬಾರದು. ಆ ತಟ್ಟೆಗಳಲ್ಲಿರುವ ಅರಗು ಆಲ್ಕೊಹಾಲ್‌ನಲ್ಲಿ ಕರಗುತ್ತದೆ. ಒಮ್ಮೆ ಒರೆಸಿದರೆ ಹಾಡು ಕೊರೆದ ಗೆರೆಯೇ ಹಾಳು. ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡೇ ಹನಿ ಹಾಕಿ, ಲೇಬಲ್ ನೆನೆಯದಂತೆ ಗೆರೆಯ ಉದ್ದಕ್ಕೆ ಮೃದು ಬಟ್ಟೆ ಆಡಿಸಿ, ಬರೀ ಡಿಸ್ಟಿಲ್ಡ್ ನೀರಲ್ಲಿ ಮತ್ತೊಮ್ಮೆ ತೊಳೆದು ಪೂರ್ತಿ ಒಣಗಿಸಿ. ಎಲ್‌ಪಿಗೂ ಇದು ಸಾಕು.

1980–90ರ ದಶಕದ ಸಿಡಿ ಸೆಟ್ ಇದ್ದರೆ ಇಂದೇ ತೆರೆದು ನೋಡಿ. ಒಳಗೆ ಸ್ಪಂಜು ಇದ್ದರೆ ಅದು ಪುಡಿಯಾಗಿ, ಜಿಗುಟಾಗಿ ಡಿಸ್ಕ್‌ಗೆ ಅಂಟಿರಬಹುದು. ತಡಮಾಡದೆ ಕಿತ್ತುಬಿಡಿ.

ಕಪಾಟನ್ನು ಮಳೆ ಬಡಿಯುವ ಗೋಡೆಯಿಂದ ಮೂರು ಇಂಚು ದೂರವಿಡಿ, ಎಲ್‌ಪಿಗಳನ್ನು ನೇರ ನಿಲ್ಲಿಸಿ. ತೇವ ಹೀರಲು ಇಡುವ, ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಹರಳಿನ ಬಣ್ಣ ತಿರುಗಿದ ಮೇಲೆ ಅದು ತೇವ ಹೀರದು, ಬದಲಿಸಿ.