ಸೈನ್ಸ್ ಕಾಂಗ್ರೆಸ್ ನಿಂತಿದ್ದಕ್ಕೆ ಚಪ್ಪಾಳೆ ತಟ್ಟುವವರಿಗೆ

ಬೆಳಿಗ್ಗೆ ನಮ್ಮ ಅಧ್ಯಾಪಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದಿದ್ದರು: "ಸೈನ್ಸ್ ಕಾಂಗ್ರೆಸ್ ನಿಂತು ಹೋಗಿದ್ದೇ ಒಳ್ಳೇದಾಯ್ತು ಬಿಡಿ. ವಿಮಾನದ ಪುರಾಣ ಕೇಳೋದು ತಪ್ತು." ಅದರ ಕೆಳಗೆ ಸಾಲಾಗಿ ಚಪ್ಪಾಳೆ. ಹಾಕಿದವರೆಲ್ಲ ವಿಜ್ಞಾನದ ಮೇಷ್ಟ್ರುಗಳೇ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಸೈನ್ಸ್ ಕಾಂಗ್ರೆಸ್ ಅಂದರೆ ದೇಶದ ವಿಜ್ಞಾನಿಗಳು, ವಿಜ್ಞಾನದ ಮೇಷ್ಟ್ರುಗಳು ವರ್ಷಕ್ಕೊಮ್ಮೆ ಸೇರುತ್ತಿದ್ದ ಅಧಿವೇಶನ, ಅದನ್ನು ನಡೆಸುವ ಸಂಸ್ಥೆ. ಇದನ್ನು ಶುರು ಮಾಡಿದ್ದು ಯಾರು ಗೊತ್ತಾ? ಇಬ್ಬರು ಕಾಲೇಜು ಮೇಷ್ಟ್ರುಗಳು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸೈಮನ್ಸನ್, ಲಖನೌದ ಕ್ಯಾನಿಂಗ್ ಕಾಲೇಜಿನ ಮ್ಯಾಕ್‌ಮಹೊನ್. ಇಬ್ಬರೂ ಕೆಮಿಸ್ಟ್ರಿಯವರು, ನನ್ನ ಹಾಗೆ. ಈ ದೇಶದಲ್ಲಿ ಸಂಶೋಧನೆ ಮಾಡುವವರು ಒಬ್ಬರಿಗೊಬ್ಬರು ಸಿಗುವುದೇ ಇಲ್ಲ, ವರ್ಷಕ್ಕೊಮ್ಮೆಯಾದರೂ ಸೇರೋಣ ಅನ್ನುವುದು ಅವರ ಆಸೆ. 1914ರ ಜನವರಿಯಲ್ಲಿ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ 105 ಜನ ಸೇರಿದರು. 35 ಪ್ರಬಂಧ ಓದಿದರು. ಅಧ್ಯಕ್ಷರು ಅಶುತೋಷ್ ಮುಖರ್ಜಿ. 1923ರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿದ್ದರು. 1929ರಲ್ಲಿ ರಾಮನ್. 1947ರಲ್ಲಿ ನೆಹರೂ. ಅಲ್ಲಿಂದಲೇ ಪ್ರಧಾನಿ ಬಂದು ಮಾತಾಡುವುದು ರೂಢಿಯಾಯಿತು. ಇಂಥ ಸಂಸ್ಥೆ ಮುಚ್ಚುವ ಹಾಗಾದರೆ ಚಪ್ಪಾಳೆನಾ?

ತಪ್ಪು ನಡೆದಿದ್ದು ನಿಜ. 2015ರಲ್ಲಿ ಮುಂಬೈ ಅಧಿವೇಶನದಲ್ಲಿ ಪ್ರಾಚೀನ ಭಾರತದ ವಿಮಾನಗಳ ಮೇಲೆ ಪ್ರಬಂಧ ಓದಿಸಿದರು. ನನಗೆ ಅದು ಇವತ್ತಿಗೂ ನೋಯುತ್ತದೆ, ಯಾಕೆ ಅಂದರೆ ಪುರಾತನ ವಿಮಾನಗಳ ಗ್ರಂಥ ಎಂದು ಹೇಳುವ ವೈಮಾನಿಕ ಶಾಸ್ತ್ರದ ಬಣ್ಣ ಬಯಲು ಮಾಡಿದ್ದೇ ಬೆಂಗಳೂರಿನವರು. 1974ರಲ್ಲೇ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಐದು ಜನ ಕೂತು ಅದನ್ನು ಪೂರ್ತಿ ಓದಿದರು. ಅದರಲ್ಲಿರುವ ಚಿತ್ರಗಳನ್ನು ನೋಡಿ ತೂಕ, ಎತ್ತುವ ಬಲ ಎಲ್ಲ ಲೆಕ್ಕ ಹಾಕಿದರು. ಆನೇಕಲ್‌ನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ಪುಸ್ತಕ ಇದು, 20ನೇ ಶತಮಾನದ ಶುರುವಿನದು, ಇದರಲ್ಲಿರುವ ಒಂದು ವಿಮಾನವೂ ಹಾರಲಾರದು ಎಂದು ಬರೆದಿಟ್ಟರು. ನಲವತ್ತು ವರ್ಷದ ಹಿಂದೆಯೇ ಉತ್ತರ ಇತ್ತು. ಮುಂಬೈನಲ್ಲಿ ಪ್ರಬಂಧ ಆರಿಸಿದವರು ಅದನ್ನು ಒಮ್ಮೆ ತೆರೆದು ನೋಡಿದ್ದರೆ ಸಾಕಿತ್ತು.

ಮರುವರ್ಷ ಮೈಸೂರು. ಶಂಖ ಊದಿದರೆ ಆರೋಗ್ಯಕ್ಕೆ ಒಳ್ಳೆಯದು ಎನ್ನುವ ಪ್ರಬಂಧ. ಪೇಪರಿನಲ್ಲಿ ಬಂದಿದ್ದೆಲ್ಲ ಶಂಖವೇ. ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಸೈನ್ಸ್ ಕಾಂಗ್ರೆಸ್ಸನ್ನೇ ಸರ್ಕಸ್ ಎಂದರು, ಇನ್ನು ಜನ್ಮದಲ್ಲಿ ಹೋಗಲ್ಲ ಎಂದರು. 2019ರ ಜಲಂಧರ್‌ನಲ್ಲಿ ಒಬ್ಬ ಕುಲಪತಿ ಮಕ್ಕಳೆದುರು ನಿಂತು ಕೌರವರು ಟೆಸ್ಟ್ ಟ್ಯೂಬ್ ಮಕ್ಕಳು ಎಂದರು. ಮಕ್ಕಳೆದುರು! ಅದನ್ನು ನಾನು ಯಾವತ್ತೂ ಕ್ಷಮಿಸುವುದಿಲ್ಲ.

ಆದರೆ ಮೈಸೂರಿನಲ್ಲಿ ನಾನೂ ಇದ್ದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಹಾಲಿನಲ್ಲಿ ನನ್ನ ಸಂಶೋಧನೆಯ ಪೋಸ್ಟರ್ ಇತ್ತು. ನಮ್ಮ ತಾಲೂಕಿನ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಬಗ್ಗೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅನ್ನುವುದು ನಿಯಮ. ನಮ್ಮ ಕಡೆ ಎಷ್ಟೋ ಬಾವಿಗಳು ದಾಟಿವೆ. ಮಕ್ಕಳ ಹಲ್ಲಿನ ಕಂದು ಕಲೆ ನೋಡಿದರೇ ಗೊತ್ತಾಗುತ್ತದೆ. ಅಸ್ಸಾಮಿನ ಕಾಲೇಜೊಂದರ ಮೇಡಂ ಬಂದು ತುಂಬಾ ಹೊತ್ತು ನಿಂತರು. ಅವರ ಊರಿನಲ್ಲೂ ಇದೇ ಕಾಟವಂತೆ. ಬಣ್ಣ ನೋಡಿ ಅಳೆಯುವ ವಿಧಾನದಲ್ಲಿ ಅಲ್ಯೂಮಿನಿಯಂ ಅಡ್ಡ ಬಂದರೆ ಲೆಕ್ಕ ತಪ್ಪುತ್ತದೆ, ಮೊದಲು ನೀರನ್ನು ಭಟ್ಟಿ ಇಳಿಸಿ ನೋಡಿ ಎಂದರು. ನಮ್ಮ ಕಾಲೇಜಿನಲ್ಲಿ ಈ ಮಾತು ಆಡಲು ನನಗೆ ಒಬ್ಬರೂ ಇರಲಿಲ್ಲ. ಅವತ್ತು ರಾತ್ರಿ ಲಾಡ್ಜಿಗೆ ಹೋಗಿ ಅತ್ತುಬಿಟ್ಟೆ. ಸಂತೋಷಕ್ಕೇ. ಇಷ್ಟು ವರ್ಷ ಒಬ್ಬಳೇ ಟೆಸ್ಟ್ ಟ್ಯೂಬ್ ತೊಳೆದು, ಒಬ್ಬಳೇ ಅಳೆದು, ಒಬ್ಬಳೇ ಬರೆದಿಟ್ಟಿದ್ದನ್ನು ಒಬ್ಬರು ಗಂಭೀರವಾಗಿ ಓದಿದರು ಅಲ್ವಾ, ಅದಕ್ಕೆ.

ಆ ಹಾಲಿನಲ್ಲಿ ನನ್ನಂಥವರೇ ತುಂಬಿದ್ದರು. ರಾತ್ರಿ ರೈಲಿನಲ್ಲಿ ಪೋಸ್ಟರ್ ಸುರುಳಿ ಹಿಡಿದುಕೊಂಡು ಬಂದವರು. ಅವರ ಫೋಟೋ ಯಾವ ಪೇಪರಿನಲ್ಲೂ ಬರಲಿಲ್ಲ. ವೆಂಕಿಯವರ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಅವರಿಗೆ ಕೇಂಬ್ರಿಡ್ಜ್ ಇದೆ. ಮಾತಾಡಲು ಜನ ಇದ್ದಾರೆ. ನಮಗೆ ಇದೊಂದೇ ಇತ್ತು.

ಲೆಕ್ಕದಲ್ಲಿ ಗೋಲ್‌ಮಾಲ್ ಆಗಿದೆ, ಅದಕ್ಕೇ ಸರ್ಕಾರ ಹಣ ನಿಲ್ಲಿಸಿತು ಎನ್ನುತ್ತೀರಿ. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ವಿಜ್ಞಾನ ಇಲಾಖೆ ಆ ಆರೋಪ ಮಾಡಿ ಕೈ ತೆಗೆಯಿತು. ಸಂಸ್ಥೆ ಒಪ್ಪಲಿಲ್ಲ, ಕೋರ್ಟಿಗೆ ಹೋಯಿತು. ಆಡಿಟ್ ಮಾಡಿ, ತಪ್ಪು ಮಾಡಿದವರನ್ನು ಹಿಡಿಯಿರಿ. ಬೇಡ ಅಂದವರು ಯಾರು? ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರಾ? 2023ರ ನಾಗಪುರವೇ ಕೊನೆ. 2024ರಲ್ಲಿ ನಡೆಯಲಿಲ್ಲ, 2025ರಲ್ಲೂ ಇಲ್ಲ. ಅದರ ಬದಲು ದಿಲ್ಲಿಯಲ್ಲಿ ದೊಡ್ಡ ದೊಡ್ಡ ಸಮಾವೇಶ ನಡೆಯುತ್ತಿವೆ, ಹೊಸ ತಂತ್ರಜ್ಞಾನ, ಸ್ಟಾರ್ಟಪ್ ಎಲ್ಲ ಇವೆ ಎನ್ನುವವರೂ ಇದ್ದಾರೆ. ಇರಲಿ, ಒಳ್ಳೆಯದೇ. ಆದರೆ ಅದು ಸರ್ಕಾರ ಕರೆದು ನಡೆಸುವ ಸಭೆ. ಇದು ಸದಸ್ಯರ ಸಂಸ್ಥೆ. ಚಂದಾ ಕಟ್ಟಿದ ಕಾಲೇಜು ಮೇಷ್ಟ್ರಿಗೂ ಇಲ್ಲಿ ವೋಟು ಇದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸರಿಪಡಿಸಲು ಆಗುವುದಿಲ್ಲ ಎನ್ನುವುದಂತೂ ಸುಳ್ಳು. ಜಲಂಧರ್ ರಾದ್ಧಾಂತದ ನಂತರ, ಭಾಷಣ ಮಾಡುವವರ ಮಾತನ್ನು ಮೊದಲೇ ನೋಡುತ್ತೇವೆ ಎಂದು ಸಂಸ್ಥೆಯೇ ಹೇಳಿತು. 2020ರ ಜನವರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಅಧಿವೇಶನ ಆಯಿತು. ರೈತರಿಗೇ ಒಂದು ಬೇರೆ ಸಮಾವೇಶ ಇಟ್ಟಿದ್ದರು. ಎಷ್ಟು ಒಳ್ಳೆಯ ಯೋಚನೆ! ಅದರ ಬಗ್ಗೆ ಚಪ್ಪಾಳೆ ತಟ್ಟಿದವರು ನಮ್ಮ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲೇ. ಮುಂಬೈನಲ್ಲಿ ತಪ್ಪಾದಾಗ ಸದಸ್ಯರಾದ ನಾವು ಸಂಸ್ಥೆಯ ಸಭೆಯಲ್ಲಿ ಎದ್ದು ಕೇಳಬೇಕಿತ್ತು. ಪ್ರಬಂಧ ಆರಿಸುವವರು ಯಾರು, ಅವರ ಹೆಸರು ಹೊರಗೆ ಹಾಕಿ, ಖರ್ಚಿನ ಲೆಕ್ಕ ಎಲ್ಲರಿಗೂ ಕೊಡಿ ಎಂದು. ಈಗಲೂ ಕೇಳಬಹುದು, ಸಂಸ್ಥೆ ಇನ್ನೂ ಇದೆ. ಜೊತೆಗೆ ನಮ್ಮ ರಾಜ್ಯದ ಯಾವುದಾದರೂ ಒಂದು ವಿಶ್ವವಿದ್ಯಾಲಯ ಮುಂದೆ ಬರಲಿ. ರಜೆಯಲ್ಲಿ ಖಾಲಿ ಇರುವ ಹಾಸ್ಟೆಲ್ ಕೋಣೆ, ಎರಡು ಹೊತ್ತು ಊಟ, ಪೋಸ್ಟರ್ ಹಚ್ಚಲು ಬೋರ್ಡು ಕೊಟ್ಟರೆ ಸಾಕು. ಪ್ರಧಾನಿ ಬರಲೇಬೇಕು ಅಂತೇನೂ ಇಲ್ಲ. ಬರುವ ಖರ್ಚು ನಾವೇ ಹಾಕಿಕೊಳ್ಳುತ್ತೇವೆ, ಯಾವಾಗಲೂ ಹಾಗೇ ಬಂದವರು ನಾವು.